ಗಡಿಯಾರವನ್ನು ನಕಲಿಸಲು ಬರುವುದಿಲ್ಲ: ವರ್ಚುವಲ್ ಮಷೀನ್ ಹೋಸ್ಟ್ ಬದಲಿಸಿದಾಗ ಸಮಯಕ್ಕೆ ಏನಾಗುತ್ತದೆ?

ವರ್ಚುವಲ್ ಮಷೀನ್ ಎಂದರೆ ಒಂದು ಸರ್ವರ್‌ನೊಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಕಂಪ್ಯೂಟರ್; ಅದಕ್ಕೆ ಗೆಸ್ಟ್ ಎಂದೂ, ಅದನ್ನು ಹೊತ್ತ ಸರ್ವರ್‌ಗೆ ಹೋಸ್ಟ್ ಎಂದೂ ಹೆಸರು. ಓಡುತ್ತಿರುವ ವರ್ಚುವಲ್ ಮಷೀನನ್ನು ನಿಲ್ಲಿಸದೆಯೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು, ಅಂದರೆ ವಲಸೆ, ಈಗ ದಿನನಿತ್ಯದ ಕೆಲಸ. ಕೆಳಗಿನ ಸರ್ವರ್‌ನ ಮೆಮೊರಿ ಕೆಟ್ಟಿರಬಹುದು, ವರ್ಚುವಲ್ ಮಷೀನುಗಳನ್ನು ಓಡಿಸುವ ತಂತ್ರಾಂಶವಾದ ಹೈಪರ್‌ವೈಸರ್‌ಗೆ ಭದ್ರತಾ ತೇಪೆ ಹಾಕಬೇಕಾಗಿರಬಹುದು, ಒಂದೇ ಕಡೆ ಹೊರೆ ಹೆಚ್ಚಿರಬಹುದು. ಆಪರೇಟರ್ ಒಂದು ಕಮಾಂಡ್ ಕೊಡುತ್ತಾರೆ; ಒಳಗಿನ ಡೇಟಾಬೇಸ್‌ಗೆ ಸುಳಿವೇ ಸಿಗದಂತೆ ಇಡೀ ಯಂತ್ರ ಜಾಗ ಬದಲಿಸುತ್ತದೆ. ಮೆಮೊರಿಯ ಪ್ರತಿ ಬೈಟ್, ಪ್ರೊಸೆಸರ್‌ನ ಪ್ರತಿ ರಿಜಿಸ್ಟರ್, ನೆಟ್‌ವರ್ಕ್ ಕಾರ್ಡಿನ ಸ್ಥಿತಿ, ಅರ್ಧ ಬರೆದ ಡಿಸ್ಕ್ ಬ್ಲಾಕ್, ಎಲ್ಲವನ್ನೂ ಇದ್ದದ್ದು ಇದ್ದಂತೆ ನಕಲಿಸಬಹುದು. ಗಡಿಯಾರವೊಂದನ್ನು ಮಾತ್ರ ಹಾಗೆ ನಕಲಿಸಲು ಬರುವುದಿಲ್ಲ.

ಮೆಮೊರಿಯ ಒಂದು ಬೈಟ್‌ನಲ್ಲಿ 7 ಇದ್ದರೆ ಅದು ಇಲ್ಲಿಯೂ 7, ಅಲ್ಲಿಗೆ ಹೋದ ಮೇಲೂ 7, ಅರ್ಧ ಗಂಟೆ ಬಿಟ್ಟು ನೋಡಿದರೂ 7. ಗಡಿಯಾರದಿಂದ ಓದಿಕೊಂಡ ಸಂಖ್ಯೆ ಹಾಗಲ್ಲ, ಬರೆದುಕೊಳ್ಳುವಷ್ಟರಲ್ಲಿ ಹಳತಾಗಿರುತ್ತದೆ. ಇನ್ನೂ ಮುಖ್ಯವಾಗಿ, ಆ ಸಂಖ್ಯೆಯನ್ನು ಮುಂದೆ ಓಡಿಸುತ್ತಿದ್ದ ಹರಳು ಹಳೆಯ ಸರ್ವರ್‌ನ ಮದರ್‌ಬೋರ್ಡಿನ ಮೇಲೆಯೇ ಉಳಿದುಬಿಡುತ್ತದೆ. ಹೊಸ ಜಾಗದಲ್ಲಿ ಬೇರೆ ಹರಳು, ಬೇರೆ ಎಣಿಕೆ, ಬೇರೆ ವೇಗ. ವಲಸೆಯಲ್ಲಿ ಕಾಣಿಸಿಕೊಳ್ಳುವ ಸಮಯದ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಹರಳು, ಎಣಿಕೆ, ಗುಣಾಕಾರ

ಕಂಪ್ಯೂಟರಿನೊಳಗೆ ಸಮಯ ಅನ್ನುವುದು ಒಂದು ಲೆಕ್ಕ. ಸ್ಫಟಿಕದ ಹರಳೊಂದು ಕಂಪಿಸುತ್ತದೆ, ಕೌಂಟರ್ ಆ ಕಂಪನಗಳನ್ನು ಎಣಿಸುತ್ತದೆ, ಎಣಿಕೆಯನ್ನು ಸಮಯವನ್ನಾಗಿ ಮಾಡುವ ಕೆಲಸ ಆಪರೇಟಿಂಗ್ ಸಿಸ್ಟಂನದು. ಅದಕ್ಕೆ ಮೂರು ಸಂಗತಿ ಗೊತ್ತಿರಬೇಕು: ಹಿಂದೊಮ್ಮೆ ಯಾವ ಎಣಿಕೆಯಿದ್ದಾಗ ಎಷ್ಟು ಹೊತ್ತಾಗಿತ್ತು, ಈಗ ಎಣಿಕೆ ಎಲ್ಲಿಗೆ ಬಂದಿದೆ, ಒಂದೊಂದು ಎಣಿಕೆಗೆ ಎಷ್ಟು ನ್ಯಾನೊಸೆಕೆಂಡ್. 2.5 ಗಿಗಾಹರ್ಟ್ಸ್ ವೇಗದ ಕೌಂಟರ್ ಆದರೆ ಒಂದು ಎಣಿಕೆಗೆ 0.4 ನ್ಯಾನೊಸೆಕೆಂಡ್. ಎಣಿಕೆಗಳ ವ್ಯತ್ಯಾಸವನ್ನು 0.4ರಿಂದ ಗುಣಿಸಿ ಹಿಂದಿನ ಹೊತ್ತಿಗೆ ಕೂಡಿಸಿದರೆ ಈಗಿನ ಹೊತ್ತು ಸಿಗುತ್ತದೆ.

ಪಿಸಿ ವಂಶದ ಯಂತ್ರಗಳಲ್ಲಿ ಇಂಥ ಕೌಂಟರ್‌ಗಳು ಹಲವು. ಸೆಕೆಂಡಿಗೆ 11,93,182 ಸಲ ಬಡಿಯುವ ಹಳೆಯ ಪಿಐಟಿ ಟೈಮರ್, ಬ್ಯಾಟರಿಯ ಬಲದಲ್ಲಿ 32,768 ಸಲ ಬಡಿಯುತ್ತ ದಿನಾಂಕ ಕಾಯುವ ಆರ್‌ಟಿಸಿ, 3.579545 ಮೆಗಾಹರ್ಟ್ಸ್‌ನ ಎಸಿಪಿಐ ಟೈಮರ್, ಕನಿಷ್ಠ 10 ಮೆಗಾಹರ್ಟ್ಸ್‌ನ ಎಚ್‌ಪಿಇಟಿ. ಇವೆಲ್ಲ ಪ್ರೊಸೆಸರ್‌ನ ಹೊರಗಿನ ಸಾಧನಗಳು. 1993ರ ಪೆಂಟಿಯಂ ಜೊತೆ ಬಂದ ಟೈಮ್ ಸ್ಟ್ಯಾಂಪ್ ಕೌಂಟರ್, ಅಂದರೆ ಟಿಎಸ್‌ಸಿ, ಪ್ರೊಸೆಸರ್‌ನ ಒಳಗೇ ಇರುವ 64 ಬಿಟ್‌ನ ಕೌಂಟರ್. ಮೊದಮೊದಲು ಅದನ್ನು ನಂಬುವುದು ಕಷ್ಟವಿತ್ತು. ವಿದ್ಯುತ್ ಉಳಿಸಲು ಪ್ರೊಸೆಸರ್ ವೇಗ ತಗ್ಗಿಸಿದರೆ ಎಣಿಕೆಯೂ ನಿಧಾನವಾಗುತ್ತಿತ್ತು, ನಿದ್ರೆಗೆ ಜಾರಿದರೆ ನಿಂತೇ ಹೋಗುತ್ತಿತ್ತು. ಮುಂದಿನ ತಲೆಮಾರುಗಳಲ್ಲಿ ಏನೇ ಆದರೂ ಒಂದೇ ವೇಗದಲ್ಲಿ ಓಡುವ ‘ಇನ್‌ವೇರಿಯಂಟ್’ ಟಿಎಸ್‌ಸಿ ಬಂತು; ಈಗಿನ ಸರ್ವರ್‌ಗಳಲ್ಲಿ ಇರುವುದು ಅದೇ.

ವರ್ಚುವಲ್ ಮಷೀನಿನ ಒಳಗೆ ಈ ಆಯ್ಕೆಗೆ ಇನ್ನಷ್ಟು ತೂಕ ಬರುತ್ತದೆ. ಗೆಸ್ಟ್ ಎಚ್‌ಪಿಇಟಿಯನ್ನು ಓದಹೊರಟರೆ ನಿಯಂತ್ರಣ ಹೈಪರ್‌ವೈಸರ್‌ಗೆ ಹೋಗಿ, ಅದು ಉತ್ತರ ತಯಾರಿಸಿ, ಮರಳಿ ಬರಬೇಕು. ಒಂದೊಂದು ಓದಿಗೂ ಮೈಕ್ರೊಸೆಕೆಂಡ್‌ಗಳ ಖರ್ಚು. ಟಿಎಸ್‌ಸಿ ಆದರೆ ಗೆಸ್ಟ್ ತಾನೇ ನೇರವಾಗಿ ಓದಬಹುದು, ಕೆಲವೇ ಡಜನ್ ಸೈಕಲ್‌ಗಳಲ್ಲಿ ಮುಗಿಯುತ್ತದೆ. ಪ್ರತಿ ವಹಿವಾಟಿಗೂ ಹತ್ತಾರು ಸಲ ಸಮಯ ಕೇಳುವ ಡೇಟಾಬೇಸ್‌ಗೆ ಈ ಅಂತರ ದೊಡ್ಡದು. ಹೀಗಾಗಿ ಎಲ್ಲರಿಗೂ ಟಿಎಸ್‌ಸಿಯೇ ಬೇಕು. ಆದರೆ ಹೋಸ್ಟ್‌ನ ಹಾರ್ಡ್‌ವೇರ್‌ಗೆ ಅತ್ಯಂತ ಬಿಗಿಯಾಗಿ ಅಂಟಿಕೊಂಡಿರುವ ಕೌಂಟರ್ ಕೂಡ ಅದೇ. ವೇಗಕ್ಕಾಗಿ ನಾವು ಆರಿಸಿಕೊಂಡದ್ದೇ ವಲಸೆಯ ದಿನ ಕಾಡುತ್ತದೆ.

ಗೆಸ್ಟ್‌ಗೆ ಸಿಗುವ ಸಮಯ ಎಂಥದ್ದು

ಹಿಂದೆ ಆಪರೇಟಿಂಗ್ ಸಿಸ್ಟಂಗಳು ಟೈಮರ್ ಇಂಟರಪ್ಟ್‌ಗಳನ್ನು, ಅಂದರೆ ಟೈಮರ್ ಪ್ರೊಸೆಸರ್‌ಗೆ ಕಳಿಸುವ ಬಡಿತಗಳನ್ನು, ಎಣಿಸಿ ಸಮಯ ಇಟ್ಟುಕೊಳ್ಳುತ್ತಿದ್ದವು. ಸೆಕೆಂಡಿಗೆ 100 ಅಥವಾ 1000 ಬಡಿತ ಬರಬೇಕು, ಬಂದಂತೆಲ್ಲ ಗಡಿಯಾರವನ್ನು ಒಂದು ಹೆಜ್ಜೆ ಮುಂದಿಡಬೇಕು. ವರ್ಚುವಲ್ ಮಷೀನಿನಲ್ಲಿ ಈ ಲೆಕ್ಕ ಸಾಗುವುದಿಲ್ಲ. ಭೌತಿಕ ಪ್ರೊಸೆಸರ್ ಬೇರೊಂದು ಗೆಸ್ಟ್‌ಗೆ ಹೋದಾಗ ಈ ಗೆಸ್ಟ್ ನಿಂತಿರುತ್ತದೆ, ಅಷ್ಟು ಹೊತ್ತಿನ ಬಡಿತಗಳು ಬಾಕಿ ಉಳಿಯುತ್ತವೆ. ಹೈಪರ್‌ವೈಸರ್ ಆ ಬಾಕಿಯನ್ನು ಆಮೇಲೆ ಬೇಗಬೇಗ ತೀರಿಸಬೇಕು, ಇಲ್ಲದಿದ್ದರೆ ಗೆಸ್ಟ್‌ನ ಗಡಿಯಾರ ಹಿಂದೆ ಬೀಳುತ್ತದೆ. ಆರ್‌ಟಿಸಿ ಬಡಿತ ನಂಬುವ ವಿಂಡೋಸ್ ಗೆಸ್ಟ್‌ಗಳಿಗಾಗಿ ಕ್ಯೂಎಮು ಎಂಬ ವರ್ಚುವಲ್ ಮಷೀನ್ ತಂತ್ರಾಂಶದಲ್ಲಿ ಈ ಬಾಕಿ ತೀರಿಸುವ ಆಯ್ಕೆ ಇಂದಿಗೂ ಇದೆ.

ಟಿಎಸ್‌ಸಿ ನಂಬುವ ಗೆಸ್ಟ್‌ಗೆ ಬಡಿತ ಎಣಿಸುವ ಗೊಡವೆಯಿಲ್ಲ. ಅಲ್ಲಿ ಪ್ರೊಸೆಸರ್ ತಯಾರಕರು ಒಂದು ಸೌಲಭ್ಯ ಕೊಟ್ಟಿದ್ದಾರೆ: ಗೆಸ್ಟ್ ಟಿಎಸ್‌ಸಿ ಓದಿದಾಗ ನಿಜವಾದ ಎಣಿಕೆಗೆ ಹೈಪರ್‌ವೈಸರ್ ನಿಗದಿಪಡಿಸಿದ ಒಂದು ಸಂಖ್ಯೆಯನ್ನು ಹಾರ್ಡ್‌ವೇರೇ ಕೂಡಿಸಿ ಕೊಡುತ್ತದೆ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಆ ಸಂಖ್ಯೆ ಋಣಾತ್ಮಕವೂ ಆಗಿರಬಹುದು, ಹಾಗಾಗಿ ಹೋಸ್ಟ್ ಎಂದೋ ಶುರುವಾಗಿದ್ದರೂ ಗೆಸ್ಟ್ ತಾನು ಹುಟ್ಟಿದ ಗಳಿಗೆಯಿಂದ ಸೊನ್ನೆಯೆಂದು ಎಣಿಸಬಹುದು.

ಇದರ ಮೇಲೆ ಇನ್ನೊಂದು ಸೊಗಸಾದ ಏರ್ಪಾಡು ಇದೆ. ಮೊದಲು ಕ್ಸೆನ್ ಎಂಬ ಹೈಪರ್‌ವೈಸರ್‌ನಲ್ಲಿ ಬಂದು ಆಮೇಲೆ ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂ ಅದೇ ರೂಪದಲ್ಲಿ ತೆಗೆದುಕೊಂಡದ್ದು. ಕೆವಿಎಂ-ಕ್ಲಾಕ್ ಎಂದೇ ಲಿನಕ್ಸ್ ಜನರಿಗೆ ಪರಿಚಿತ. ಗೆಸ್ಟ್ ತನ್ನ ಮೆಮೊರಿಯಲ್ಲಿ ಒಂದು ಜಾಗವನ್ನು, ಅಂದರೆ ಒಂದು ಪುಟವನ್ನು, ಹೈಪರ್‌ವೈಸರ್‌ಗೆ ಬಿಟ್ಟುಕೊಡುತ್ತದೆ. ಹೈಪರ್‌ವೈಸರ್ ಅಲ್ಲಿ ಹೀಗೆ ಬರೆದಿಡುತ್ತದೆ: ಟಿಎಸ್‌ಸಿ ಇಷ್ಟಿದ್ದಾಗ ಸಮಯ ಇಷ್ಟಿತ್ತು, ಎಣಿಕೆಯನ್ನು ನ್ಯಾನೊಸೆಕೆಂಡ್ ಮಾಡಲು ಇಷ್ಟರಿಂದ ಗುಣಿಸು. ಜೊತೆಗೊಂದು ಆವೃತ್ತಿ ಸಂಖ್ಯೆ. ಬರೆಯಲು ಶುರುಮಾಡಿದಾಗ ಅದು ಬೆಸವಾಗುತ್ತದೆ, ಮುಗಿದಾಗ ಸಮವಾಗುತ್ತದೆ. ಗೆಸ್ಟ್ ಮೊದಲು ಆವೃತ್ತಿಯನ್ನು ನೋಡಿ, ಲೆಕ್ಕ ಹಾಕಿ, ಕೊನೆಗೆ ಮತ್ತೊಮ್ಮೆ ಆವೃತ್ತಿ ನೋಡುತ್ತದೆ. ಬದಲಾಗಿದ್ದರೆ ಅಥವಾ ಬೆಸವಾಗಿದ್ದರೆ ಆ ಲೆಕ್ಕ ಬಿಟ್ಟು ಹೊಸದಾಗಿ ಹಾಕುತ್ತದೆ. ಮೈಕ್ರೊಸಾಫ್ಟ್‌ನ ಹೈಪರ್-ವಿ ಕೂಡ ಇದೇ ಜಾಡಿನ ಪುಟವೊಂದನ್ನು ಇಟ್ಟಿದೆ. ಅಲ್ಲಿ ಲೆಕ್ಕ 100 ನ್ಯಾನೊಸೆಕೆಂಡಿನ ತುಣುಕುಗಳಲ್ಲಿ, ಮತ್ತು ಆವೃತ್ತಿ ಸೊನ್ನೆಯಾಗಿದ್ದರೆ ‘ಈ ಪುಟ ನಂಬಬೇಡ, ನನ್ನನ್ನೇ ಕೇಳು’ ಎಂದು ಅರ್ಥ.

ಕಂಪ್ಯೂಟರ್ ಲೋಕದಲ್ಲಿ ನನಗೆ ತುಂಬ ಇಷ್ಟವಾದ ವಿನ್ಯಾಸಗಳಲ್ಲಿ ಇದೊಂದು. ಸಮಯ ಓದುವಾಗ ಗೆಸ್ಟ್ ಯಾರನ್ನೂ ಕೇಳಬೇಕಿಲ್ಲ. ಹಾಗಿದ್ದೂ ಲೆಕ್ಕದ ಸೂತ್ರ ಹೈಪರ್‌ವೈಸರ್‌ನ ಕೈಯಲ್ಲಿದೆ. ಯಂತ್ರ ಜಾಗ ಬದಲಿಸಿದರೆ ಹೊಸ ಹೋಸ್ಟ್ ಆ ಪುಟದ ಅಂಕಿಗಳನ್ನು ತಿದ್ದಿದರೆ ಸಾಕು.

ವಲಸೆ ನಡೆಯುವ ಬಗೆ

ವಿಎಂವೇರ್ 2003ರಲ್ಲಿ ವಿಮೋಷನ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಕ್ಸೆನ್ ಬಳಗದ ಸಂಶೋಧಕರು ಪ್ರಕಟಿಸಿದ ಪ್ರಬಂಧ ಇದರ ವಿಧಾನವನ್ನು ಬಿಡಿಸಿಟ್ಟಿತು. ಗೆಸ್ಟ್ ಓಡುತ್ತಿರುವಾಗಲೇ ಮೆಮೊರಿಯನ್ನು ಹೊಸ ಹೋಸ್ಟ್‌ಗೆ ಕಳಿಸುತ್ತಾರೆ. ಕಳಿಸಿದ ಮೇಲೂ ಗೆಸ್ಟ್ ಕೆಲವು ಪುಟಗಳನ್ನು ತಿದ್ದಿರುತ್ತದೆ, ಅವನ್ನು ಮತ್ತೆ ಕಳಿಸುತ್ತಾರೆ. ಸುತ್ತು ಸುತ್ತಿಗೂ ಬಾಕಿ ಕಡಿಮೆಯಾಗುತ್ತ ಬಂದು, ಸಾಕಷ್ಟು ಚಿಕ್ಕದಾದಾಗ ಗೆಸ್ಟನ್ನು ಸ್ತಬ್ಧಗೊಳಿಸಿ ಉಳಿದದ್ದನ್ನೂ ಪ್ರೊಸೆಸರ್ ಸ್ಥಿತಿಯನ್ನೂ ಸಾಗಿಸಿ ಅಲ್ಲಿ ಎಬ್ಬಿಸುತ್ತಾರೆ. ಆ ಪ್ರಬಂಧದಲ್ಲಿ ಆಟದ ಸರ್ವರ್ ಒಂದು ನಿಂತದ್ದು 60 ಮಿಲಿಸೆಕೆಂಡ್ ಮಾತ್ರ. ಕ್ಯೂಎಮು ತಾನಾಗಿ ಇಟ್ಟುಕೊಳ್ಳುವ ಗುರಿ 300 ಮಿಲಿಸೆಕೆಂಡ್. ಮೆಮೊರಿಯನ್ನು ಬಿರುಸಾಗಿ ತಿದ್ದುವ ದೊಡ್ಡ ಯಂತ್ರವಾದರೆ ಈ ನಿಲುಗಡೆ ಸೆಕೆಂಡುಗಳಿಗೂ ಏರಬಹುದು.

ಈಗ ಗಡಿಯಾರದ ಕಡೆಯಿಂದ ನೋಡಿ. ಹಳೆಯ ಹೋಸ್ಟ್ 200 ದಿನಗಳಿಂದ ಓಡುತ್ತಿದೆ ಎಂದುಕೊಳ್ಳೋಣ. 2.5 ಗಿಗಾಹರ್ಟ್ಸ್ ಲೆಕ್ಕದಲ್ಲಿ ಅದರ ಟಿಎಸ್‌ಸಿ ಸುಮಾರು 43,200 ಲಕ್ಷ ಕೋಟಿ. ಹೊಸ ಹೋಸ್ಟ್ ಶುರುವಾಗಿ ಮೂರೇ ದಿನ, ಅದರ ಟಿಎಸ್‌ಸಿ 648 ಲಕ್ಷ ಕೋಟಿ. ಹಳೆಯ ಆಫ್‌ಸೆಟ್ಟನ್ನೇ ಹೊತ್ತು ಹೋದರೆ ಗೆಸ್ಟ್‌ನ ಪಾಲಿಗೆ ಕಾಲ ಒಮ್ಮೆಲೇ 197 ದಿನ ಹಿಂದಕ್ಕೆ ಜಿಗಿಯುತ್ತದೆ.

ಹಿಂದಕ್ಕೆ ಜಿಗಿಯುವುದು ಮುಂದಕ್ಕೆ ಜಿಗಿಯುವುದಕ್ಕಿಂತ ಕೆಟ್ಟದ್ದು. ಎಷ್ಟು ಹೊತ್ತು ಕಳೆಯಿತು ಎಂದು ತಿಳಿಯಲು ಪ್ರೋಗ್ರಾಂಗಳು ಎರಡು ಓದುಗಳನ್ನು ಕಳೆಯುತ್ತವೆ. ಎರಡನೆಯದು ಮೊದಲನೆಯದಕ್ಕಿಂತ ಒಂದೇ ಒಂದು ನ್ಯಾನೊಸೆಕೆಂಡ್ ಕಡಿಮೆಯಿದ್ದರೂ, ಚಿಹ್ನೆಯಿಲ್ಲದ 64 ಬಿಟ್ ಅಂಕಗಣಿತದಲ್ಲಿ ಉತ್ತರ 1,84,46,74,40,73,70,95,51,615 ಎಂದು ಬರುತ್ತದೆ. ಅಂದರೆ ಸುಮಾರು 584 ವರ್ಷ ಕಳೆದವು ಎಂದು. ಎಲ್ಲ ಟೈಮ್‌ಔಟ್‌ಗಳೂ ಒಟ್ಟಿಗೆ ಮುಗಿದಂತೆ ಕಾಣುತ್ತವೆ. ಆದ್ದರಿಂದ ವಲಸೆಯ ಮೊದಲ ನಿಯಮ: ಗೆಸ್ಟ್ ಒಮ್ಮೆ ಕಂಡ ಸಮಯಕ್ಕಿಂತ ಹಿಂದಿನದನ್ನು ಅದಕ್ಕೆ ಮತ್ತೆ ತೋರಿಸಕೂಡದು. ಇದನ್ನು ಪಾಲಿಸುವುದು ಕಷ್ಟವಲ್ಲ. ಸ್ತಬ್ಧವಾದಾಗ ಗೆಸ್ಟ್‌ನ ಟಿಎಸ್‌ಸಿ ಎಷ್ಟಿತ್ತೆಂದು ಬರೆದುಕೊಂಡು, ಹೊಸ ಹೋಸ್ಟ್‌ನಲ್ಲಿ ಅದಕ್ಕೆ ಹೊಂದುವ ಹೊಸ ಆಫ್‌ಸೆಟ್ ಲೆಕ್ಕ ಹಾಕಿದರೆ ಆಯಿತು. ಆಮೇಲೆ ಬರುವ ಪ್ರಶ್ನೆಯೇ ನಿಜವಾಗಿ ತೊಡಕಿನದು.

ಕಾಣೆಯಾದ 300 ಮಿಲಿಸೆಕೆಂಡ್

ಸ್ತಬ್ಧವಾಗಿದ್ದ ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕೇ, ಬಿಡಬೇಕೇ?

ಗಡಿಯಾರಕ್ಕೆ ನಾವು ಕೇಳುವುದು ಎರಡು ಬೇರೆ ಪ್ರಶ್ನೆಗಳನ್ನು. ‘ಈಗ ಗಂಟೆ ಎಷ್ಟು?’ ಎಂಬುದು ಒಂದು. ‘ಆಗಿನಿಂದ ಈಗಿನವರೆಗೆ ಎಷ್ಟು ಹೊತ್ತಾಯಿತು?’ ಎಂಬುದು ಇನ್ನೊಂದು. ಲಿನಕ್ಸ್ ಇವೆರಡಕ್ಕೂ ಬೇರೆ ಗಡಿಯಾರಗಳನ್ನಿಟ್ಟಿದೆ: ಮೊದಲನೆಯದಕ್ಕೆ ರಿಯಲ್‌ಟೈಮ್, ಎರಡನೆಯದಕ್ಕೆ ಎಂದೂ ಹಿಂದೆ ಸರಿಯದ ಮೊನೊಟೊನಿಕ್. ಮೂರನೆಯದೂ ಒಂದಿದೆ, ಬೂಟ್‌ಟೈಮ್. ಲ್ಯಾಪ್‌ಟಾಪ್ ಮುಚ್ಚಿಟ್ಟು ನಿದ್ರೆಯಲ್ಲಿದ್ದ ಹೊತ್ತನ್ನು ಮೊನೊಟೊನಿಕ್ ಎಣಿಸುವುದಿಲ್ಲ, ಬೂಟ್‌ಟೈಮ್ ಎಣಿಸುತ್ತದೆ.

ಮೊದಲ ಪ್ರಶ್ನೆಗೆ ಉತ್ತರದಲ್ಲಿ ವಿವಾದವಿಲ್ಲ. ಹೊರಜಗತ್ತಿನಲ್ಲಿ 300 ಮಿಲಿಸೆಕೆಂಡ್ ಕಳೆದಿವೆ, ಗಂಟೆ ಅಷ್ಟು ಮುಂದೆ ಹೋಗಲೇಬೇಕು. ಹೋಗದಿದ್ದರೆ ಗೆಸ್ಟ್ ಪ್ರತಿ ವಲಸೆಗೂ ಅಷ್ಟಷ್ಟು ಹಿಂದೆ ಬೀಳುತ್ತದೆ. ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಪಡಿಸುತ್ತದಲ್ಲ ಎನ್ನಬಹುದು. ಸರಿಪಡಿಸುತ್ತದೆ, ಆದರೆ ತನ್ನದೇ ನಡಿಗೆಯಲ್ಲಿ. ಎನ್‌ಟಿಪಿಯ ಮೂಲ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) 128 ಮಿಲಿಸೆಕೆಂಡಿಗಿಂತ ಚಿಕ್ಕ ತಪ್ಪನ್ನು ನಯವಾಗಿ, ಹತ್ತು ಲಕ್ಷಕ್ಕೆ ಹೆಚ್ಚೆಂದರೆ 500 ಭಾಗದ ದರದಲ್ಲಿ ತಿದ್ದುತ್ತದೆ. 100 ಮಿಲಿಸೆಕೆಂಡ್ ತಿದ್ದಲು ಕನಿಷ್ಠ 200 ಸೆಕೆಂಡ್ ಬೇಕು. ಅಷ್ಟು ಹೊತ್ತು ಆ ಗೆಸ್ಟ್ ಬರೆಯುವ ಪ್ರತಿ ಸಮಯಮುದ್ರೆಯೂ ತಪ್ಪು. ಕಸಾಂಡ್ರಾದಂಥ ಡೇಟಾಬೇಸ್‌ನಲ್ಲಿ ಒಂದೇ ಕೋಶಕ್ಕೆ ಎರಡು ಬರಹ ಬಂದರೆ ದೊಡ್ಡ ಸಮಯಮುದ್ರೆಯಿರುವುದು ಉಳಿಯುತ್ತದೆ. ಹಿಂದೆ ಬಿದ್ದ ಗಡಿಯಾರದ ಹೊಸ ಬರಹ ಸದ್ದಿಲ್ಲದೆ ಅಳಿದುಹೋಗುತ್ತದೆ. ಕಾಕ್ರೋಚ್‌ಡಿಬಿ ಇನ್ನೂ ಕಟ್ಟುನಿಟ್ಟು: ಸಹಜ ಹೊಂದಿಕೆಯಲ್ಲಿ ನೋಡ್‌ಗಳ (ಅದರ ಸರ್ವರ್‌ಗಳ) ನಡುವೆ 500 ಮಿಲಿಸೆಕೆಂಡ್‌ವರೆಗಿನ ಅಂತರವನ್ನು ಒಪ್ಪುತ್ತದೆ, ಅದರ ಶೇ. 80ನ್ನು ದಾಟಿದ್ದೇನೆಂದು ಕಂಡ ನೋಡ್ ತಾನೇ ನಿಂತುಬಿಡುತ್ತದೆ.

ಎರಡನೆಯ ಪ್ರಶ್ನೆಯಲ್ಲಿ ಬಲ್ಲವರೇ ಬೇರೆ ಬೇರೆ ಕಡೆ ನಿಲ್ಲುತ್ತಾರೆ. ಗೆಸ್ಟ್ ಒಂದು ಸೂಚನೆಯನ್ನೂ ನಡೆಸದೆ ನಿಂತಿದ್ದಾಗ ಅದರ ಪಾಲಿಗೆ ಕಾಲವೇ ನಡೆದಿಲ್ಲ, ಎಣಿಸಬೇಡಿ ಎಂಬುದು ಒಂದು ವಾದ. ಹಾಗೆ ಎಣಿಸದಿದ್ದರೆ ಯಂತ್ರ ಸಿಕ್ಕಿಬಿದ್ದಿದೆಯೇ ಎಂದು ಕಾಯುವ ವಾಚ್‌ಡಾಗ್‌ಗಳು ಬೆದರುವುದಿಲ್ಲ, ಟೈಮರ್‌ಗಳು ಒಮ್ಮೆಲೇ ಸಿಡಿಯುವುದಿಲ್ಲ. ಇದರಲ್ಲಿ ಹುರುಳಿದೆ. ಆದರೆ ಓಡುವ ಯಂತ್ರದ ವಲಸೆಯಲ್ಲಿ ಈ ಹೊತ್ತನ್ನು ಎಣಿಸಲೇಬೇಕು ಎನ್ನುವವರ ಕಡೆ ನಾನಿದ್ದೇನೆ. ಕಾರಣ, ಮೊನೊಟೊನಿಕ್ ಗಡಿಯಾರವನ್ನು ಇಂದು ಗೆಸ್ಟ್ ತನ್ನೊಬ್ಬನಿಗಾಗಿ ಬಳಸುತ್ತಿಲ್ಲ. ಒಟ್ಟಾಗಿ ಕೆಲಸ ಮಾಡುವ ಯಂತ್ರಗಳ ಕ್ಲಸ್ಟರ್‌ನಲ್ಲಿ, ಬರೆಯುವ ಹಕ್ಕಿರುವ ನಾಯಕನಿಗೆ 10 ಸೆಕೆಂಡಿನ ಗುತ್ತಿಗೆ ಸಿಕ್ಕಿದೆ ಎನ್ನಿ. ಅಷ್ಟರೊಳಗೆ ನವೀಕರಿಸದಿದ್ದರೆ ಉಳಿದವರು ಹೊಸ ನಾಯಕನನ್ನು ಆರಿಸುತ್ತಾರೆ. ಉಳಿದವರ ಗಡಿಯಾರ ನಡೆಯುತ್ತಿದೆ, ವಲಸೆ ಹೋದ ನಾಯಕನದು ನಿಂತಿದೆ. ನಿಲುಗಡೆ ಮೂರು ಸೆಕೆಂಡ್ ಆಗಿದ್ದರೆ, ಉಳಿದವರ ಪಾಲಿಗೆ ಗುತ್ತಿಗೆ ಮುಗಿದ ಮೇಲೂ ಈ ನಾಯಕ ‘ಇನ್ನೂ ಮೂರು ಸೆಕೆಂಡ್ ಇದೆ’ ಎಂದು ನಂಬಿ ಬರೆಯುತ್ತಲೇ ಇರುತ್ತಾನೆ. ಇಬ್ಬರು ನಾಯಕರು, ಒಂದೇ ಡೇಟಾ. ವಾಚ್‌ಡಾಗ್ ಬೆದರಿದರೆ ಲಾಗ್‌ನಲ್ಲಿ ಒಂದು ಸಾಲು ಹೆಚ್ಚು ಬರುತ್ತದೆ. ಡೇಟಾ ಕೆಟ್ಟರೆ ಅದನ್ನು ಸರಿಪಡಿಸಲು ಆಗದೆಯೂ ಹೋಗಬಹುದು.

ಎಣಿಸುವುದು ಹೇಗೆ? ಇಲ್ಲಿ ಒಂದು ಸಂಖ್ಯೆಯ ಬದಲು ಜೋಡಿ ಸಂಖ್ಯೆ ಸಾಗಿಸಬೇಕು. ಹಳೆಯ ಹೋಸ್ಟ್ ಹೀಗೆ ಬರೆದು ಕಳಿಸುತ್ತದೆ: ‘ನನ್ನ ಗೋಡೆ ಗಡಿಯಾರದಲ್ಲಿ (ರಿಯಲ್‌ಟೈಮ್‌ನಲ್ಲಿ) ಇಷ್ಟು ಗಂಟೆಯಾಗಿದ್ದಾಗ ಗೆಸ್ಟ್‌ನ ಗಡಿಯಾರ ಇಷ್ಟಿತ್ತು.’ ಹೊಸ ಹೋಸ್ಟ್ ತನ್ನ ಗೋಡೆ ಗಡಿಯಾರ ನೋಡಿ, ನಡುವೆ ಕಳೆದದ್ದನ್ನು ಗೆಸ್ಟ್‌ನ ಗಡಿಯಾರಕ್ಕೆ ಕೂಡಿಸುತ್ತದೆ. ಲಿನಕ್ಸ್ 5.16ರಿಂದ ಕೆವಿಎಂನಲ್ಲಿ ಈ ಜೋಡಿಯನ್ನು ಒಟ್ಟಿಗೇ ಓದಿ, ಒಟ್ಟಿಗೇ ಕೂರಿಸುವ ಸೌಲಭ್ಯವಿದೆ. ಹೊಸ ಹೋಸ್ಟ್‌ನ ಗಡಿಯಾರ ಹಿಂದಿದ್ದು ವ್ಯತ್ಯಾಸ ಋಣಾತ್ಮಕವಾಗಿ ಬಂದರೆ ಅದು ಏನನ್ನೂ ಕೂಡಿಸುವುದಿಲ್ಲ. ಗೆಸ್ಟ್ ಹಿಂದೆ ಸರಿಯಬಾರದೆಂಬ ಮೊದಲ ನಿಯಮ ಅಲ್ಲಿಯೂ ಕಾಯುತ್ತದೆ.

ಇದರಿಂದ ಒಂದು ದೊಡ್ಡ ಷರತ್ತು ಹುಟ್ಟುತ್ತದೆ. ಎರಡು ಹೋಸ್ಟ್‌ಗಳ ಗೋಡೆ ಗಡಿಯಾರಗಳು ಪರಸ್ಪರ ಹೊಂದಿರಬೇಕು. ಹೊಸ ಹೋಸ್ಟ್ 40 ಮಿಲಿಸೆಕೆಂಡ್ ಮುಂದಿದ್ದರೆ ಗೆಸ್ಟ್‌ಗೂ ಅಷ್ಟೂ ತಪ್ಪು ಬಳುವಳಿಯಾಗಿ ಬರುತ್ತದೆ. ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಿಸಲು ಸೇರಿಸುವ ಲೀಪ್ ಸೆಕೆಂಡನ್ನು ಒಂದು ಹೋಸ್ಟ್ ಒಮ್ಮೆಲೇ ಸೇರಿಸಿ, ಇನ್ನೊಂದು ಇಡೀ ದಿನಕ್ಕೆ ಹರಡಿ ಸೇರಿಸುತ್ತಿದ್ದರೆ, ಆ ದಿನ ಇವೆರಡರ ನಡುವೆ ವಲಸೆ ನಡೆಸುವುದು ಅಪಾಯ. 1972ರಿಂದ ಈವರೆಗೆ 27 ಲೀಪ್ ಸೆಕೆಂಡ್ ಸೇರಿವೆ, ಕೊನೆಯದು 2016ರ ಡಿಸೆಂಬರ್ 31ರಂದು. ಅಪರೂಪ ಎಂದು ಮರೆಯುವುದು ಸುಲಭ. ಗೆಸ್ಟ್‌ನಲ್ಲಿ ಎನ್‌ಟಿಪಿ ಹಾಕಿದ್ದೇವೆ, ಹೋಸ್ಟ್‌ನ ಗಡಿಯಾರ ಹೇಗಿದ್ದರೇನು ಎನ್ನುವ ಮಾತನ್ನು ಆಗಾಗ ಕೇಳುತ್ತೇವೆ. ಅದು ತಪ್ಪು.

ಡಿಸ್ಕ್‌ಗೆ ಉಳಿಸಿಟ್ಟು ದಿನಗಟ್ಟಲೆ ಬಿಟ್ಟು ಎಬ್ಬಿಸುವ ಸ್ನ್ಯಾಪ್‌ಶಾಟ್‌ನ ಕತೆ ಬೇರೆ. ಅಲ್ಲಿ ಮೊನೊಟೊನಿಕ್ ಮೂರು ದಿನ ಜಿಗಿಯುವುದು ಯಾರಿಗೂ ಒಳಿತಲ್ಲ. ಅದನ್ನು ನಿದ್ರೆಯಂತೆ ಕಂಡು, ಗಂಟೆಯನ್ನಷ್ಟೇ ಮುಂದೂಡಿ, ಗೆಸ್ಟ್‌ಗೆ ವಿಷಯ ತಿಳಿಸಬೇಕು. ತಿಳಿಸದಿದ್ದರೆ ಎನ್‌ಟಿಪಿ ಡೀಮನ್ 1000 ಸೆಕೆಂಡಿಗಿಂತ ದೊಡ್ಡ ತಪ್ಪು ಕಂಡು ಕೆಲಸ ಬಿಟ್ಟು ಹೊರನಡೆಯುತ್ತದೆ. ಇನ್ನೊಂದು ಎನ್‌ಟಿಪಿ ಪ್ರೋಗ್ರಾಂ ಕ್ರೋನಿ ಹೊರನಡೆಯುವುದಿಲ್ಲ, ಆದರೆ ಶುರುವಿನ ಕೆಲವು ತಿದ್ದುಪಡಿಗಳಲ್ಲಿ ಮಾತ್ರ ಜಿಗಿಯಲು ಅನುಮತಿ ಕೊಟ್ಟಿದ್ದರೆ ಆಮೇಲಿನದನ್ನು ನಿಧಾನವಾಗಿ ತಿದ್ದುತ್ತದೆ. ಅದರ ಸಹಜ ಗರಿಷ್ಠ ದರದಲ್ಲಿ ಒಂದು ಗಂಟೆಯ ತಪ್ಪು ತಿದ್ದಲು 12 ಗಂಟೆ ಬೇಕು.

ವೇಗ ಬೇರೆಯಾದರೆ

ಹಳೆಯ ಹೋಸ್ಟ್ 2.5 ಗಿಗಾಹರ್ಟ್ಸ್, ಹೊಸದು 3 ಗಿಗಾಹರ್ಟ್ಸ್. ಗೆಸ್ಟ್ ತನ್ನ ಹಳೆಯ ಲೆಕ್ಕವನ್ನೇ ಹಿಡಿದು ಪ್ರತಿ ಎಣಿಕೆಗೆ 0.4 ನ್ಯಾನೊಸೆಕೆಂಡ್ ಎಂದರೆ, ಒಂದು ಸೆಕೆಂಡಿನಲ್ಲಿ ಬರುವ 300 ಕೋಟಿ ಎಣಿಕೆಗಳು ಅದಕ್ಕೆ 1.2 ಸೆಕೆಂಡಾಗಿ ಕಾಣುತ್ತವೆ. ಹತ್ತು ನಿಮಿಷದಲ್ಲಿ ಎರಡು ನಿಮಿಷ ಮುಂದೆ. ಎನ್‌ಟಿಪಿಯ 500 ಭಾಗದ ಮಿತಿ ಈ ಶೇ. 20ರ ಓಟದ ಮುಂದೆ ಏನೇನೂ ಅಲ್ಲ.

ಕೆವಿಎಂ-ಕ್ಲಾಕ್ ಬಳಸುವ ಗೆಸ್ಟ್‌ಗೆ ಇದು ತಟ್ಟುವುದಿಲ್ಲ, ಪುಟದಲ್ಲಿನ ಗುಣಕ ಬದಲಾದರೆ ಆಯಿತು. ಟಿಎಸ್‌ಸಿಯನ್ನೇ ನೇರವಾಗಿ ನಂಬಿದ ಗೆಸ್ಟ್‌ಗೆ ಬೇಕಾದದ್ದು ಟಿಎಸ್‌ಸಿ ಸ್ಕೇಲಿಂಗ್: ಹಾರ್ಡ್‌ವೇರೇ ನಿಜವಾದ ಎಣಿಕೆಯನ್ನು ಒಂದು ಭಿನ್ನರಾಶಿಯಿಂದ ಗುಣಿಸಿ, ಮೇಲೆ ಆಫ್‌ಸೆಟ್ ಕೂಡಿಸಿ ಕೊಡುತ್ತದೆ. ಎಎಂಡಿಯಲ್ಲಿ ಈ ಭಿನ್ನರಾಶಿಗೆ 32 ಬಿಟ್, ಇಂಟೆಲ್‌ನಲ್ಲಿ 48 ಬಿಟ್. ಇದಿಲ್ಲದ ಹಳೆಯ ಪ್ರೊಸೆಸರ್‌ಗೆ ಹೋದರೆ ಪ್ರತಿ ಓದನ್ನೂ ಹೈಪರ್‌ವೈಸರ್ ತಡೆದು ಉತ್ತರಿಸಬೇಕು, ಇಲ್ಲವೇ ವಲಸೆಯನ್ನೇ ನಿರಾಕರಿಸಬೇಕು. ಕ್ಯೂಎಮು ಎಚ್ಚರದ ದಾರಿ ಹಿಡಿದಿದೆ. ಗೆಸ್ಟ್‌ಗೆ ಇನ್‌ವೇರಿಯಂಟ್ ಟಿಎಸ್‌ಸಿ ತೋರಿಸಿ, ಅದರ ವೇಗ ಎಷ್ಟೆಂದು ಸ್ಪಷ್ಟವಾಗಿ ನಮೂದಿಸದಿದ್ದರೆ ವಲಸೆಗೆ ಅದು ಒಪ್ಪುವುದಿಲ್ಲ. ‘ಎಂದೂ ಬದಲಾಗುವುದಿಲ್ಲ’ ಎಂದು ಮಾತು ಕೊಟ್ಟು ಬದಲಿಸುವುದಕ್ಕಿಂತ ಇದು ಸರಿ ಎನಿಸುತ್ತದೆ. ಹೈಪರ್-ವಿಯ ಉಪಾಯ ಬೇರೆ: ವಲಸೆಯಾದ ಕೂಡಲೇ ಟಿಎಸ್‌ಸಿ ಓದುಗಳನ್ನು ಹಳೆಯ ವೇಗದಲ್ಲೇ ಅನುಕರಿಸಿ ಕೊಡುತ್ತ, ‘ವೇಗ ಬದಲಾಗಿದೆ’ ಎಂದು ಗೆಸ್ಟ್‌ಗೆ ಇಂಟರಪ್ಟ್ ಕಳಿಸುತ್ತದೆ. ಗೆಸ್ಟ್ ತನ್ನ ಲೆಕ್ಕ ತಿದ್ದಿಕೊಂಡು ‘ಆಯಿತು’ ಎಂದ ಮೇಲೆ ಅನುಕರಣೆ ನಿಲ್ಲಿಸುತ್ತದೆ. ಆರ್ಮ್ ಪ್ರೊಸೆಸರ್‌ಗಳಲ್ಲಿ ಆಫ್‌ಸೆಟ್ ಇದೆ, ಸ್ಕೇಲಿಂಗ್ ಇಲ್ಲ. ಆದರೆ ಆರ್ಮ್ ವಿನ್ಯಾಸದ 8.6ನೇ ಆವೃತ್ತಿಯಿಂದ ಕೌಂಟರ್‌ನ ವೇಗವನ್ನು ಎಲ್ಲರಿಗೂ 1 ಗಿಗಾಹರ್ಟ್ಸ್ ಎಂದು ಗೊತ್ತುಮಾಡಿದ್ದಾರೆ.

ಎರಡೂ ಹೋಸ್ಟ್ ಒಂದೇ ಮಾದರಿಯಾಗಿದ್ದರೆ? ಇದರಲ್ಲಿ ಹಲವರು ಎಡವುತ್ತಾರೆ. ಪೆಟ್ಟಿಗೆಯ ಮೇಲಿನ 2.5 ಗಿಗಾಹರ್ಟ್ಸ್ ಒಂದು ಸುತ್ತುಸಂಖ್ಯೆ ಅಷ್ಟೇ. ಹರಳುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದು ಯಂತ್ರದಲ್ಲಿ ಅಳೆದರೆ 25,00,012 ಕಿಲೋಹರ್ಟ್ಸ್, ಪಕ್ಕದ ಯಂತ್ರದಲ್ಲಿ 24,99,930 ಎಂದು ಬರಬಹುದು. ಈ ಉದಾಹರಣೆಯ ವ್ಯತ್ಯಾಸ ಹತ್ತು ಲಕ್ಷಕ್ಕೆ ಸುಮಾರು 33 ಭಾಗ, ದಿನಕ್ಕೆ ಸುಮಾರು 2.8 ಸೆಕೆಂಡ್. ಕೆವಿಎಂ ಸಹಜವಾಗಿ 250 ಭಾಗದೊಳಗಿನ ವ್ಯತ್ಯಾಸವನ್ನು ‘ಒಂದೇ ವೇಗ’ ಎಂದು ಪರಿಗಣಿಸಿ ಸ್ಕೇಲಿಂಗ್ ಮಾಡದೆ ಬಿಡುತ್ತದೆ.

ಈ ಸಣ್ಣ ವ್ಯತ್ಯಾಸವನ್ನು ಎನ್‌ಟಿಪಿ ಸರಿದೂಗಿಸುತ್ತದೆ ನಿಜ. ಆದರೆ ಅದರ ಕೆಲಸದ ರೀತಿ ನೋಡಿ. ಸಮಯ ತಿದ್ದುವುದರ ಜೊತೆಗೆ ಅದು ಈ ಯಂತ್ರದ ಹರಳು ಎಷ್ಟು ಬೇಗ ಅಥವಾ ತಡ ಎಂಬುದನ್ನು ಗಂಟೆಗಟ್ಟಲೆ ಗಮನಿಸಿ ಕಲಿಯುತ್ತದೆ. ಕಲಿತಂತೆಲ್ಲ ವಿಶ್ವಾಸ ಹೆಚ್ಚಿ, ಸರ್ವರ್‌ಗಳನ್ನು 64 ಸೆಕೆಂಡಿಗೊಮ್ಮೆ ಕೇಳುತ್ತಿದ್ದದ್ದು 1024 ಸೆಕೆಂಡಿಗೊಮ್ಮೆ ಕೇಳುವಷ್ಟಕ್ಕೆ ಬರುತ್ತದೆ. ಇಂಥ ನೆಮ್ಮದಿಯಲ್ಲಿರುವಾಗ ವಲಸೆ ನಡೆದರೆ, ಅದು ಕಲಿತ ಪಾಠ ಹಳೆಯ ಹರಳಿನದು, ಕೈಯಲ್ಲಿರುವುದು ಹೊಸ ಹರಳು. ಎರಡರ ನಡುವೆ 50 ಭಾಗದ ಅಂತರವಿದ್ದರೆ ಮುಂದಿನ ಸಲ ಕೇಳುವಷ್ಟರಲ್ಲಿ 51 ಮಿಲಿಸೆಕೆಂಡ್ ತಪ್ಪು ಸೇರಿರುತ್ತದೆ. ಅದರ ಪಾಠ ಹಳತಾಯಿತೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ಮೆಮೊರಿಯಲ್ಲಿದ್ದ ಆ ಸಂಖ್ಯೆಯನ್ನು ನಾವೇ ಬೈಟ್ ತಪ್ಪದಂತೆ ನಕಲಿಸಿದ್ದೇವೆ. ನಕಲು ಸರಿಯಿದೆ, ಸಂಖ್ಯೆಗೆ ಅರ್ಥವಿಲ್ಲ.

ಹಲವು ಪ್ರೊಸೆಸರ್‌ಗಳ ಗೆಸ್ಟ್ ಆದರೆ ಇನ್ನೊಂದು ಮಾತು ಸೇರಿಸಬೇಕು. ಪ್ರತಿ ವರ್ಚುವಲ್ ಪ್ರೊಸೆಸರ್‌ನ ಟಿಎಸ್‌ಸಿಯನ್ನು ಒಂದಾದ ಮೇಲೊಂದು ಕೂರಿಸುವಾಗ ನಡುವೆ ಮೈಕ್ರೊಸೆಕೆಂಡ್‌ಗಳು ಕಳೆಯುತ್ತವೆ, ಒಂದರಲ್ಲಿ ಓದಿ ಇನ್ನೊಂದಕ್ಕೆ ಜಿಗಿದ ಪ್ರೋಗ್ರಾಂಗೆ ಕಾಲ ಹಿಂದೆ ಸರಿದಂತೆ ಕಾಣಬಹುದು. ಎಣಿಕೆಯ ಬದಲು ಆಫ್‌ಸೆಟ್ಟನ್ನೇ ಎಲ್ಲಕ್ಕೂ ಒಂದೇ ಆಗಿ ಕೂರಿಸಿದರೆ ಈ ತೊಂದರೆಯಿಲ್ಲ. ಕೂರಿಸದಿದ್ದರೆ, ಗೆಸ್ಟ್‌ನ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅಸಂಗತಿ ಕಂಡು ಟಿಎಸ್‌ಸಿಯನ್ನು ‘ಅಸ್ಥಿರ’ ಎಂದು ಗುರುತಿಸಿ ಎಚ್‌ಪಿಇಟಿಗೆ ಹೋಗಿಬಿಡಬಹುದು. ಸಮಯ ಸರಿಯಾಗಿಯೇ ಇರುತ್ತದೆ, ಆದರೆ ವಲಸೆಯ ಮರುದಿನದಿಂದ ಡೇಟಾಬೇಸ್ ಮಾತ್ರ ಯಾಕೋ ನಿಧಾನ. ಆಗ ಮೊದಲು ನೋಡಬೇಕಾದದ್ದು ಕರ್ನಲ್ ಈಗ ಯಾವ ಕ್ಲಾಕ್‌ಸೋರ್ಸ್, ಅಂದರೆ ಯಾವ ಕೌಂಟರ್, ಬಳಸುತ್ತಿದೆ ಎಂಬುದನ್ನು.

ಗೆಸ್ಟ್‌ಗೆ ಹೇಳುವುದು

ವಲಸೆ ಗೆಸ್ಟ್‌ಗೆ ಗೊತ್ತೇ ಆಗಬಾರದು ಎಂಬುದು ಶುರುವಿನಿಂದ ಬಂದ ಆದರ್ಶ. ಸಮಯದ ವಿಷಯದಲ್ಲಿ ಈ ಆದರ್ಶವನ್ನು ಬಿಡುವುದೇ ಒಳ್ಳೆಯದೆಂದು ನಿಧಾನವಾಗಿ ಒಪ್ಪಿಕೊಳ್ಳಲಾಗುತ್ತಿದೆ. ಕೆವಿಎಂ-ಕ್ಲಾಕ್ ಪುಟದಲ್ಲಿ ‘ನಿನ್ನನ್ನು ನಿಲ್ಲಿಸಲಾಗಿತ್ತು’ ಎಂಬ ಒಂದು ಬಿಟ್ ಬಹಳ ಹಿಂದಿನಿಂದ ಇದೆ. ಸಹಜವಾಗಿ 20 ಸೆಕೆಂಡ್ ಅಲುಗಾಡದ ಪ್ರೊಸೆಸರ್ ಕಂಡರೆ ಕೂಗುವ ಲಿನಕ್ಸ್‌ನ ಸಾಫ್ಟ್‌ಲಾಕಪ್ ವಾಚ್‌ಡಾಗ್ ಆ ಬಿಟ್ ನೋಡಿ ಸುಮ್ಮನಾಗುತ್ತದೆ. ಇತ್ತೀಚಿನ ಹೆಜ್ಜೆ ವಿಎಂಕ್ಲಾಕ್ ಎಂಬ ಸಾಧನ. ಕೌಂಟರ್ ಮತ್ತು ನಿಜವಾದ ಸಮಯದ ಸಂಬಂಧವನ್ನು ಹೋಸ್ಟ್ ಗೆಸ್ಟ್‌ನ ಮೆಮೊರಿಯಲ್ಲಿ ತೋರಿಸುತ್ತದೆ, ಜೊತೆಗೆ ಒಂದು ಅಡಚಣೆ ಗುರುತನ್ನು ಇಡುತ್ತದೆ. ವಲಸೆಯಾದಾಗ ಆ ಸಂಖ್ಯೆ ಬದಲಾಗುತ್ತದೆ. ಬದಲಾದದ್ದನ್ನು ಕಂಡ ಗೆಸ್ಟ್ ತಾನು ಹರಳಿನ ಬಗ್ಗೆ ಕಲಿತದ್ದನ್ನೆಲ್ಲ ಬಿಟ್ಟು ಹೊಸದಾಗಿ ಶುರುಮಾಡಬೇಕೆಂದು ತಿಳಿಯುತ್ತದೆ. ಮೇಲೆ ಹೇಳಿದ ಹಳೆಯ ಪಾಠದ ತೊಂದರೆಗೆ ನೇರವಾದ ಮದ್ದು ಇದೇ.

ಅಷ್ಟು ಹೊಸದು ಕೈಗೆ ಸಿಗದಿದ್ದರೂ ಮಾಡಬಹುದಾದದ್ದು ಸಾಕಷ್ಟಿದೆ. ಮೊದಲು ಹೋಸ್ಟ್‌ಗಳೆಲ್ಲ ಒಂದೇ ಮೂಲಗಳಿಂದ, ಲೀಪ್ ಸೆಕೆಂಡಿನ ಒಂದೇ ನೀತಿಯಲ್ಲಿ ಸಮಯ ಪಡೆಯಲಿ. ಕೆವಿಎಂ ಗೆಸ್ಟ್‌ಗಳಲ್ಲಿ ಪಿಟಿಪಿ-ಕೆವಿಎಂ ಡ್ರೈವರ್ ಹಾಕಿ, ಕ್ರೋನಿಗೆ ಅದನ್ನೇ ಮೂಲವಾಗಿ ಕೊಟ್ಟರೆ ಗೆಸ್ಟ್ ನೆಟ್‌ವರ್ಕ್ ದಾಟದೆ ಕೆಳಗಿನ ಹೋಸ್ಟ್‌ನ ಸಮಯವನ್ನೇ ಕೇಳುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳಿದರೂ ಖರ್ಚಿಲ್ಲ, ವಲಸೆಯ ತಪ್ಪು ಬಲುಬೇಗ ಕಾಣುತ್ತದೆ. ಒಂದೇ ಗೆಸ್ಟ್‌ನ ಗಡಿಯಾರವನ್ನು ಇಬ್ಬರು ತಿದ್ದುವಂತೆ ಮಾಡಬೇಡಿ. ವಿಎಂವೇರ್ ಟೂಲ್ಸ್‌ನಲ್ಲಿ ನಿಯತ ಹೊಂದಾಣಿಕೆಯನ್ನು ನಿಲ್ಲಿಸಿದ್ದರೂ ವಲಸೆ, ಸ್ನ್ಯಾಪ್‌ಶಾಟ್‌ನಂಥ ಸಂದರ್ಭಗಳಲ್ಲಿ ಅದು ಒಮ್ಮೆ ಗಡಿಯಾರ ತಿದ್ದಬಹುದು ಎಂಬುದು ನೆನಪಿರಲಿ. ಹಾಗಾದಾಗ ಒಳಗಿನ ಎನ್‌ಟಿಪಿ ತನ್ನ ಹರಳೇ ಕೆಟ್ಟಿತೆಂದು ತಪ್ಪು ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಕಿಂಡಿ ಉಳಿಯುತ್ತದೆ, ಅದನ್ನು ಯಾವ ಗಡಿಯಾರವೂ ಮುಚ್ಚಲಾರದು. ಪ್ರೋಗ್ರಾಂ ಸಮಯ ಓದಿತು, ಗುತ್ತಿಗೆ ಇನ್ನೂ ಇದೆ ಎಂದು ಖಚಿತಪಡಿಸಿಕೊಂಡಿತು, ಡಿಸ್ಕ್‌ಗೆ ಬರೆಯುವ ಸೂಚನೆಗೆ ಇನ್ನೇನು ಬರಬೇಕು, ಆಗಲೇ ಯಂತ್ರ ಸ್ತಬ್ಧವಾಯಿತು. ಎದ್ದದ್ದು ಬೇರೆ ಹೋಸ್ಟ್‌ನಲ್ಲಿ, ನಾಲ್ಕು ಸೆಕೆಂಡ್ ಬಿಟ್ಟು. ಗಡಿಯಾರ ಈಗ ಸರಿಯಾಗಿದೆ, ಆದರೆ ಪ್ರೋಗ್ರಾಂ ಅದನ್ನು ನೋಡುವ ಹಂತ ದಾಟಿ ಬಂದಿದೆ. ಮುಂದಿನ ಸೂಚನೆ ಬರೆಯುವುದೇ. ಇದಕ್ಕೆ ಪರಿಹಾರವಿರುವುದು ಬರೆಸಿಕೊಳ್ಳುವವರ ಕಡೆ. ಪ್ರತಿ ಗುತ್ತಿಗೆಗೂ ಏರುತ್ತ ಹೋಗುವ ಒಂದು ಸಂಖ್ಯೆ ಕೊಡಬೇಕು, ನಾಯಕ ಪ್ರತಿ ಬರಹದೊಂದಿಗೂ ಅದನ್ನು ಕಳಿಸಬೇಕು. 34ನೇ ಗುತ್ತಿಗೆಯ ಬರಹವನ್ನು ಒಮ್ಮೆ ಕಂಡ ಸ್ಟೋರೇಜ್, ತಡವಾಗಿ ಎದ್ದ 33ರ ಬರಹವನ್ನು ಗಂಟೆ ಎಷ್ಟೆಂದು ಕೇಳದೆಯೇ ತಿರಸ್ಕರಿಸುತ್ತದೆ.